ಸಣ್ಣ ಸಂಬಳದ ಮನೆಯಲ್ಲಿ ಸಂಗೀತವಿದ್ಯೆ

ಮನೆಯ ಬಾಡಿಗೆ, ದಿನಸಿ ಅಂಗಡಿಯ ಲೆಕ್ಕ, ಶಾಲೆಯ ಶುಲ್ಕ, ಹಿರಿಯರ ಔಷಧೋಪಚಾರ, ಇವೆಲ್ಲಕ್ಕೂ ತಿಂಗಳ ಮೊದಲ ವಾರದಲ್ಲಿಯೇ ಸಂಬಳದ ಬಹುಭಾಗವನ್ನು ಎಣಿಸಿಟ್ಟ ಮೇಲೆ ಉಳಿಯುವ ಅಲ್ಪ ಮೊತ್ತವನ್ನು ಮುಂದಿಟ್ಟುಕೊಂಡು, ಒಮ್ಮೆ ಕೇಳಿದ ಹಾಡನ್ನು ಮರುದಿನ ಸ್ವರ ತಪ್ಪದೆ ಗುನುಗುವ ಮಗಳಿಗೆ ಸಂಗೀತ ಹೇಳಿಸುವುದು ತಮ್ಮಿಂದ ಸಾಧ್ಯವೇ ಎಂದು ಚಿಂತಿಸುವ ತಾಯಿತಂದೆಯರು ನಮ್ಮ ಊರೂರುಗಳಲ್ಲಿಯೂ ಇದ್ದಾರೆ. ಹೊಟ್ಟೆಬಟ್ಟೆಯ ಚಿಂತೆ ತೀರಿದ ಮೇಲಲ್ಲವೇ ಕಲೆ ಎಂದು ಅವರ ಪ್ರಶ್ನೆಯನ್ನು ತಳ್ಳಿಹಾಕುವವರೂ ಇಲ್ಲದಿಲ್ಲ. ಆ ಮಾತು ನನಗೆ ಸಮ್ಮತವಲ್ಲ. ಕನ್ನಡ ನಾಡಿನ ಸಂಗೀತದ ಚರಿತ್ರೆಯನ್ನು ಸ್ವಲ್ಪವಾದರೂ ಬಲ್ಲವರಿಗೆ ತಿಳಿದಿರುವಂತೆ, ಈ ವಿದ್ಯೆಯಲ್ಲಿ ಶಿಖರವನ್ನೇರಿದವರಲ್ಲಿ ಅನೇಕರು ಬಡತನದಲ್ಲಿಯೇ ಹುಟ್ಟಿ, ದ್ರವ್ಯಬಲವಿಲ್ಲದೆಯೇ ವಿದ್ಯೆಯನ್ನು ಸಂಪಾದಿಸಿದವರು. ಅವರಿಗೆ ಆ ದಾರಿಯನ್ನು ತೆರೆದುಕೊಟ್ಟ ಏರ್ಪಾಡುಗಳಲ್ಲಿ ಕೆಲವು ಈಗ ಅಳಿದಿರಬಹುದಾದರೂ ಕೆಲವು ಉಳಿದಿವೆ, ಹೊಸವು ಕೆಲವು ಹುಟ್ಟಿಕೊಂಡಿವೆ. ಅವುಗಳನ್ನು ಹುಡುಕಿಕೊಳ್ಳುವ ಬಗೆಯೇ ಪ್ರಕೃತ ವಿಚಾರ.

ಮೊದಲು ನಿಶ್ಚಯಿಸಿಕೊಳ್ಳಬೇಕಾದದ್ದು, ನಾವು ಹಣ ಕೊಟ್ಟು ಪಡೆಯುವುದು ಯಾವುದನ್ನು ಎಂಬುದು. ಸಂಗೀತ ಕಲಿಯುವ ಮಗುವಿಗೆ ಕೇಳ್ಮೆ ಬೇಕು, ನಿತ್ಯಸಾಧನೆ ಬೇಕು, ತಪ್ಪಿದ ಕಡೆ ತಡೆದು ತಿದ್ದುವ ಗುರು ಬೇಕು. ಇವುಗಳಲ್ಲಿ ಕೇಳ್ಮೆಗೆ ಇಂದು ಬಹುಮಟ್ಟಿಗೆ ಖರ್ಚಿಲ್ಲ. ಸಾಧನೆಗೆ ಬೆಳಗಿನ ಅರ್ಧ ಗಂಟೆ, ಮನೆಯವರ ಸಹನೆ, ಇಷ್ಟು ಸಾಕು. ಹಣ ಬೇಕಾಗುವುದು ಮೂರನೆಯದಕ್ಕೆ ಮಾತ್ರ. ಮನೆಯಲ್ಲಿ ಸಾಧನೆಯಿಲ್ಲದ ಮಗುವಿಗೆ ವಾರಕ್ಕೆ ಮೂರು ಪಾಠಗಳನ್ನು ಹೇಳಿಸಿದರೂ, ಕಳೆದ ಪಾಠದಲ್ಲಿ ತಿದ್ದಿದ್ದನ್ನೇ ಗುರುಗಳು ಮತ್ತೆ ತಿದ್ದುತ್ತ ಕಾಲ ಕಳೆಯಬೇಕಾಗುವುದರಿಂದ, ತಂದೆ ಒಂದೇ ತಿದ್ದುಪಡಿಗೆ ಮೂರು ಸಲ ಶುಲ್ಕ ತೆತ್ತಂತಾಗುತ್ತದೆ. ದಿನವೂ ಹಾಡಿಕೊಳ್ಳುವ ಮಗುವಿಗಾದರೋ ವಾರಕ್ಕೊಂದು ಪಾಠವೂ ಮೊದಲ ವರ್ಷದಲ್ಲಿ ಸಾಲುತ್ತದೆ. ಆದಕಾರಣ ಖರ್ಚನ್ನು ಹಿಡಿತದಲ್ಲಿಡಲು ಇಚ್ಛಿಸುವ ಮನೆಯವರು ಅಗ್ಗದ ಗುರುವನ್ನು ಅರಸುವುದಕ್ಕೆ ಮೊದಲು, ಆ ಅರ್ಧ ಗಂಟೆಯನ್ನು ಮನೆಯ ದಿನಚರಿಯಲ್ಲಿ ಎಲ್ಲಿ ಇಡಬಹುದೆಂದು ನೋಡಿಕೊಳ್ಳುವುದು ಲೇಸು.

ಹಿಂದಿನ ಕಾಲದಲ್ಲಿ ಗುರುವಿಗೆ ಸಲ್ಲುತ್ತಿದ್ದದ್ದು ತಿಂಗಳ ಶುಲ್ಕವಲ್ಲ. ಅರಮನೆಯ ಆಶ್ರಯವಿದ್ದ ವಿದ್ವಾಂಸರು ಶಿಷ್ಯರನ್ನು ಮನೆಯಲ್ಲಿಯೇ ಇರಿಸಿಕೊಂಡು ಅನ್ನವನ್ನೂ ವಿದ್ಯೆಯನ್ನೂ ಕೊಡುತ್ತಿದ್ದರು. ಶಿಷ್ಯನು ಸೇವೆಯಿಂದ ಆ ಋಣವನ್ನು ಯಥಾಶಕ್ತಿ ತೀರಿಸುತ್ತಿದ್ದನು. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಬಳಿ ಪಿಟೀಲು ಚೌಡಯ್ಯನವರು ಗುರುಕುಲವಾಸ ಮಾಡಿ ಕಲಿತದ್ದು ಈ ಬಗೆಯಲ್ಲಿಯೇ. ಉತ್ತರ ಕರ್ನಾಟಕದಲ್ಲಿ ಈ ಕೆಲಸವನ್ನು ಎಷ್ಟೋ ವೇಳೆ ನಾಟಕ ಕಂಪನಿಗಳು ಮಾಡಿದವು. ಧಾರವಾಡದ ಸಮೀಪದ ಮನ್ಸೂರಿನಲ್ಲಿ 1910ರಲ್ಲಿ ಹುಟ್ಟಿದ ಮಲ್ಲಿಕಾರ್ಜುನರು ಬಾಲ್ಯದಲ್ಲಿ ನಾಟಕ ಮಂಡಳಿಯನ್ನು ಸೇರಿ ರಂಗದ ಮೇಲೆ ಹಾಡುತ್ತಿದ್ದಾಗಲಲ್ಲವೇ ಮಿರಜಿನ ನೀಲಕಂಠಬುವಾ ಅವರ ಕಿವಿಗೆ ಆ ಕಂಠ ಬಿದ್ದು, ಶಾಸ್ತ್ರೀಯ ಶಿಕ್ಷಣಕ್ಕೆ ಹಾದಿಯಾದದ್ದು? ಸಂಗೀತವನ್ನು ಅರಮನೆಯಿಂದಲೂ ಗುರುಗೃಹದಿಂದಲೂ ಹೊರಗೆ ತಂದು, ಸಾರ್ವಜನಿಕರ ನೆರವಿನಿಂದ ನಡೆಯುವ ಪಾಠಶಾಲೆಯಲ್ಲಿ ಹಲವು ವಿದ್ಯಾರ್ಥಿಗಳನ್ನು ಒಟ್ಟಿಗೆ ಕೂರಿಸಿ ಕ್ರಮಬದ್ಧವಾಗಿ ಕಲಿಸುವ ಪದ್ಧತಿಯನ್ನು ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದು ರೂಢಿಗೆ ತಂದರು. ಇಂದು ನಮ್ಮ ಬಡಾವಣೆಗಳಲ್ಲಿ ಸಂಜೆ ನಡೆಯುವ ಸಣ್ಣ ಸಂಗೀತ ಶಾಲೆಗಳು ಹೆಚ್ಚಾಗಿ ಈ ಪದ್ಧತಿಯ ಸಂತತಿ.

ಇವೆಲ್ಲಕ್ಕಿಂತಲೂ ಬಡವರ ಮಕ್ಕಳಿಗೆ ಹತ್ತಿರವಾದ ಏರ್ಪಾಡು ಗದಗಿನಲ್ಲಿದೆ. ಅದನ್ನು ಕುರಿತು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಹಾನಗಲ್ಲು ಸೀಮೆಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದವರು. ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಿಂದ ವಿದ್ಯಾವಂತರಾದ ಅವರು, ತಮಗೆ ದೊರೆತದ್ದನ್ನು ತಮ್ಮಂತೆಯೇ ಇದ್ದ ಅಂಧರಿಗೂ ಅನಾಥರಿಗೂ ನಿರ್ಗತಿಕರಿಗೂ ಹಂಚುವ ವ್ರತ ತೊಟ್ಟು, ಶಿಷ್ಯರ ತಂಡವನ್ನು ಕಟ್ಟಿಕೊಂಡು ಊರಿಂದೂರಿಗೆ ಸಂಚರಿಸುತ್ತ ಪಾಠ ಹೇಳಿದರು. ಮುಂದೆ ಆ ಸಂಚಾರಿ ಪಾಠಶಾಲೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆಗೊಂಡಿತು. 1944ರಲ್ಲಿ ಅವರು ಲಿಂಗೈಕ್ಯರಾದ ತರುವಾಯ ಅಂಧರೇ ಆದ ಶಿಷ್ಯ ಪುಟ್ಟರಾಜ ಗವಾಯಿಗಳು ಆ ಭಾರವನ್ನು ಹೊತ್ತು, ನಾಟಕ ಕಂಪನಿಯನ್ನು ನಡೆಸಿ ಬಂದ ಹಣವನ್ನೂ ಭಕ್ತರು ತಮಗೆ ಮಾಡಿಸಿದ ತುಲಾಭಾರಗಳ ಹಣವನ್ನೂ ಮಕ್ಕಳ ಅನ್ನಕ್ಕೆ ವಿನಿಯೋಗಿಸಿ, 2010ರಲ್ಲಿ ತೀರಿಕೊಳ್ಳುವವರೆಗೂ ಆಶ್ರಮವನ್ನು ಸಲಹಿದರು. ಅಲ್ಲಿ ಜಾತಿಯನ್ನು ಕೇಳುವುದಿಲ್ಲ, ಊಟವಸತಿಗೆ ಹಣ ಕೇಳುವುದಿಲ್ಲ. ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಬಳ್ಳಾರಿ ಸೀಮೆಯ ಜಾನಪದ ಕಲಾವಿದರ ಮನೆಯಿಂದ ಬಾಲ್ಯದಲ್ಲಿಯೇ ಬಂದು ಆಶ್ರಮದಲ್ಲಿ ಹತ್ತಕ್ಕೂ ಹೆಚ್ಚು ವರ್ಷ ಇದ್ದು ಕಲಿತ ಎಂ. ವೆಂಕಟೇಶಕುಮಾರರು ಪುಟ್ಟರಾಜರ ಶಿಷ್ಯರು. ಆಶ್ರಮದಲ್ಲಿ ಕಲಿತವರಲ್ಲಿ ಎಷ್ಟೋ ಜನ ನಾಡಿನ ನಾನಾ ಕಡೆ ಮನೆಪಾಠ ಹೇಳುತ್ತ, ಶಾಲೆಗಳಲ್ಲಿ ಕಲಿಸುತ್ತ, ಕೀರ್ತನೆ ಪುರಾಣಗಳಿಗೆ ತಬಲಾ ಹಾರ್ಮೋನಿಯಂ ನುಡಿಸುತ್ತ ಜೀವಿಸುತ್ತಿದ್ದಾರೆ. ಅಂಥವರೊಬ್ಬರು ನಿಮ್ಮ ಊರಿನಲ್ಲಿದ್ದರೆ, ಬಡವರ ಮಗುವಿಗೆ ಪಾಠ ಹೇಳುವುದೆಂದರೇನೆಂದು ಅವರಿಗೆ ಯಾರೂ ಬೋಧಿಸಬೇಕಾಗಿಲ್ಲ.

ಗುರುವನ್ನು ಅರಸುವಾಗ ದೂರದ ದೊಡ್ಡ ಹೆಸರುಗಳ ಕಡೆಗೆ ಮನಸ್ಸು ಹರಿಯುವುದು ಸಹಜ. ಗದಗ ಸೀಮೆಯಲ್ಲಿಯೇ ಹುಟ್ಟಿದ ಭೀಮಸೇನ ಜೋಶಿಯವರು 1933ರಲ್ಲಿ, ಹನ್ನೊಂದು ವರ್ಷದ ಬಾಲಕರಾಗಿದ್ದಾಗ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು, ರೈಲುಗಳಲ್ಲಿ ಅಲೆದು, ಗ್ವಾಲಿಯರಿನ ಸಂಗೀತ ಶಾಲೆಯಲ್ಲಿ ಕೆಲಕಾಲವಿದ್ದು, ಕೊನೆಗೆ ಜಾಲಂಧರವನ್ನು ಮುಟ್ಟಿದರು. ಅಲ್ಲಿ ಅವರನ್ನು ಕಂಡ ವಿನಾಯಕರಾವ್ ಪಟವರ್ಧನರು, ನಿಮ್ಮ ಸೀಮೆಯಲ್ಲಿಯೇ ಸವಾಯಿ ಗಂಧರ್ವರಿರುವಾಗ ಇಷ್ಟು ದೂರ ಏಕೆ ಬಂದೆ ಎಂದು ಕೇಳಿದರೆಂಬ ವೃತ್ತಾಂತ ಪ್ರಸಿದ್ಧವಾಗಿದೆ. ಸವಾಯಿ ಗಂಧರ್ವರ ಊರಾದ ಕುಂದಗೋಳ ಗದಗಿನಿಂದ ಒಂದು ಬೆಳಗಿನ ಪ್ರಯಾಣದಷ್ಟೇ ದೂರ. ಅಲ್ಲಿಗೆ ಮರಳಿ ಬಂದು, ಗುರುಗಳ ಮನೆಗೆ ನೀರು ಹೊತ್ತು, ಅವರು ಕಲಿತರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಪಾಠ ಹೇಳಿಸಿಕೊಂಡು ರಾತ್ರಿ ಮನೆಗೆ ಹಿಂತಿರುಗುತ್ತಿದ್ದ ಸಂಗತಿಯೂ ಎಲ್ಲರಿಗೂ ತಿಳಿದದ್ದೇ. ಹಣದ ದೃಷ್ಟಿಯಿಂದ ನೋಡಿದರೂ ಸಮೀಪದ ಗುರುವೇ ಸಣ್ಣ ಸಂಸಾರಕ್ಕೆ ಒಳ್ಳೆಯದು. ನಗರದ ಆ ತುದಿಯಲ್ಲಿರುವ ಪ್ರಖ್ಯಾತ ವಿದುಷಿಯ ಬಳಿಗೆ ವಾರಕ್ಕೆರಡು ಸಲ ಆಟೋರಿಕ್ಷಾದಲ್ಲಿ ಮಗುವನ್ನು ಕರೆದೊಯ್ಯುವ ತಂದೆಗೆ ಎಷ್ಟೋ ವೇಳೆ ಪಾಠದ ಶುಲ್ಕಕ್ಕಿಂತ ಪ್ರಯಾಣದ ಖರ್ಚೇ ಭಾರವಾಗುತ್ತದೆ. ಮಳೆ ಬಂದರೆ ಪಾಠ ತಪ್ಪುತ್ತದೆ. ತಪ್ಪಿದ ಪಾಠಗಳು ಹೆಚ್ಚಿ ಒಂದು ದಿನ ಅಭ್ಯಾಸವೇ ನಿಂತುಹೋಗುತ್ತದೆ. ಮಗು ನಡೆದುಕೊಂಡೇ ಹೋಗಿ ಬರಬಹುದಾದ ಅಂತರದಲ್ಲಿರುವ ಗುರು ಹೆಸರುವಾಸಿಯಲ್ಲದಿದ್ದರೂ ಶ್ರುತಿಶುದ್ಧಿಯುಳ್ಳವರಾಗಿದ್ದರೆ, ಮೊದಲ ಮೂರು ನಾಲ್ಕು ವರ್ಷಗಳಿಗೆ ಅವರೇ ಉತ್ತಮ.

ಅಂಥವರು ಎಲ್ಲಿ ಸಿಗುತ್ತಾರೆ? ಜಾಹೀರಾತಿನಲ್ಲಿ ಅಪರೂಪ. ಸರಕಾರಿ ಪ್ರೌಢಶಾಲೆಗಳಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು, ದೇವಸ್ಥಾನದ ಉತ್ಸವದಲ್ಲಿ ಪಕ್ಕವಾದ್ಯ ನುಡಿಸುವವರು, ವಿದ್ವತ್ ಪರೀಕ್ಷೆಗೆ ಓದುತ್ತ ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಹಿರಿಯ ವಿದ್ಯಾರ್ಥಿನಿಯರು, ಇವರೆಲ್ಲ ಬಾಗಿಲಿಗೆ ಫಲಕ ಹಾಕುವವರಲ್ಲ. ರಾಮಮಂದಿರದ ಅರ್ಚಕರನ್ನು, ಭಜನಾ ಮಂಡಳಿಯ ಹಿರಿಯ ಹೆಂಗಸರನ್ನು, ವಾದ್ಯ ರಿಪೇರಿ ಮಾಡುವ ಅಂಗಡಿಯವರನ್ನು ವಿಚಾರಿಸಿದರೆ ಒಂದು ವಾರದೊಳಗೆ ಇಂಥ ಎರಡು ಮೂರು ಮನೆಗಳಾದರೂ ತಿಳಿಯುತ್ತವೆ. ಮಠಗಳಲ್ಲಿ, ಮಹಿಳಾ ಸಮಾಜಗಳಲ್ಲಿ, ರಾಘವೇಂದ್ರಸ್ವಾಮಿಗಳ ಮಠದ ಹೊರಾಂಗಣದಲ್ಲಿ ಸಂಜೆಯ ಹೊತ್ತು ದೇವರನಾಮಗಳನ್ನು ಹೇಳಿಕೊಡುವ ವರ್ಗಗಳು ಅನೇಕ ಊರುಗಳಲ್ಲಿ ಹೆಸರಿಗಷ್ಟೇ ಶುಲ್ಕ ಪಡೆದೋ ಪಡೆಯದೆಯೋ ನಡೆಯುತ್ತವೆ. ದೇವರನಾಮದಿಂದ ಆರಂಭಿಸಿದ ಮಗುವಿಗೆ ಶಾಸ್ತ್ರೀಯ ಅಭ್ಯಾಸ ಕಷ್ಟವೆಂಬ ಭಯ ಬೇಡ. ರಾಗದ ಗುರುತು ಹತ್ತುವುದು ಅಲ್ಲಿಯೇ.

ಶಾಸ್ತ್ರೀಯ ಕಛೇರಿಯ ಹಾದಿಯೊಂದನ್ನೇ ಸಂಗೀತವೆಂದು ಭಾವಿಸುವುದರಿಂದಲೂ ಖರ್ಚು ಹೆಚ್ಚುತ್ತದೆ. ಗಮಕ ಕಲೆಯನ್ನು ನೋಡಿ. ಕುಮಾರವ್ಯಾಸನನ್ನೋ ಲಕ್ಷ್ಮೀಶನನ್ನೋ ರಾಗವಾಗಿ ವಾಚಿಸುವ ಈ ವಿದ್ಯೆಗೆ ವಾದ್ಯ ಬೇಡ, ಪಕ್ಕವಾದ್ಯ ಬೇಡ. ಒಂದು ಕಾವ್ಯಪ್ರತಿ, ಒಂದು ಶ್ರುತಿ ಇದ್ದರಾಯಿತು. ಗಮಕ ಕಲಿತ ಮಗು ಹತ್ತಾರು ರಾಗಗಳ ಛಾಯೆಯನ್ನೂ ಕನ್ನಡದ ಉತ್ತಮ ಕಾವ್ಯವನ್ನೂ ಒಟ್ಟಿಗೆ ಪಡೆಯುತ್ತದೆ. ಬೆಂಗಳೂರಿನ ಕರ್ನಾಟಕ ಗಮಕ ಕಲಾ ಪರಿಷತ್ತು ಈ ವಿದ್ಯೆಯ ಪ್ರಸಾರಕ್ಕಾಗಿಯೇ ಇರುವ ಸಂಸ್ಥೆ. ಶಿವಮೊಗ್ಗದ ಬಳಿಯ ಮತ್ತೂರು ಹೊಸಹಳ್ಳಿಗಳಲ್ಲಿ ಅದು ಮನೆಮನೆಯ ಸ್ವತ್ತು. ಕರಾವಳಿಯವರಿಗೆ ಯಕ್ಷಗಾನದ ಹಿಮ್ಮೇಳವಿದೆ. ಭಾಗವತಿಕೆಯನ್ನೂ ಚೆಂಡೆ ಮದ್ದಳೆಗಳನ್ನೂ ಹೇಳಿಕೊಡುವ ಕೇಂದ್ರಗಳು ಉಡುಪಿಯಲ್ಲಿಯೂ ಸುತ್ತಮುತ್ತಲ ಊರುಗಳಲ್ಲಿಯೂ ಇವೆ. ಹಲವೆಡೆ ಊರವರೇ ಸೇರಿ ಗುರುಗಳನ್ನು ಕರೆಸಿ ವರ್ಗ ನಡೆಸುವುದರಿಂದ ಒಂದೊಂದು ಮನೆಯ ಮೇಲೆ ಬೀಳುವ ಹೊರೆ ಹಗುರ. ಲಯಜ್ಞಾನ ಬೇಕೆನ್ನುವ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇರೆಲ್ಲಿಯೂ ಇಷ್ಟು ಸುಲಭಕ್ಕೆ ದೊರೆಯದು.

ಈಗ ಸಾಮೂಹಿಕ ಪಾಠದ ಮಾತು. ಒಬ್ಬರಿಗೇ ಹೇಳುವ ಪಾಠಕ್ಕೆ ಹೆಚ್ಚು ಶುಲ್ಕ, ಗುಂಪಿನಲ್ಲಿ ಹೇಳುವುದಕ್ಕೆ ಕಡಿಮೆ. ಇದು ಎಲ್ಲ ಕಡೆಯೂ ಇರುವ ಕ್ರಮ. ಹಣವಿಲ್ಲದ್ದರಿಂದ ನಮ್ಮ ಮಗುವನ್ನು ಗುಂಪಿಗೆ ಸೇರಿಸಬೇಕಾಯಿತಲ್ಲ ಎಂದು ಕೊರಗುವ ತಂದೆತಾಯಿಗಳನ್ನು ಕಂಡಿದ್ದೇನೆ. ಅವರು ಮೈಸೂರಿನ ಹಳೆಯ ಅಗ್ರಹಾರವೊಂದರ ಮನೆಯಲ್ಲಿ ಸಂಜೆ ನಡೆಯುವ ಪಾಠವನ್ನು ಒಮ್ಮೆ ನೋಡಬೇಕು. ಶಾಲೆಯಿಂದ ನಿವೃತ್ತರಾದ ಶಿಕ್ಷಕಿ ನಡುಮನೆಯಲ್ಲಿ ಕಂಬಕ್ಕೊರಗಿ ಕುಳಿತಿರುತ್ತಾರೆ. ಎದುರಿಗೆ ಚಾಪೆಯ ಮೇಲೆ ಆರು ಮಕ್ಕಳು. ಮಾಯಾಮಾಳವಗೌಳದ ಸರಳೆವರಸೆ ಮೊದಲನೆಯ ಕಾಲದಲ್ಲಿ ಎಲ್ಲರೂ ಕೂಡಿ ಆಗುತ್ತದೆ, ಎರಡನೆಯ ಕಾಲದಲ್ಲಿ ಒಬ್ಬೊಬ್ಬರಾಗಿ. ಒಬ್ಬ ಹುಡುಗ ಅವರೋಹಣದಲ್ಲಿ ನಿಷಾದದಿಂದ ಇಳಿಯುವಾಗ ಧೈವತ ಸ್ವಲ್ಪ ಮೇಲೆ ನಿಲ್ಲುತ್ತದೆ. ಆಕೆ ತೊಡೆಯ ಮೇಲಿನ ತಾಳವನ್ನು ನಿಲ್ಲಿಸುವುದಿಲ್ಲ. "ಪುಟ್ಟಾ, ಧೈವತ ಮೇಲಕ್ಕೆ ಹೋಯಿತು, ಅದು ಪಂಚಮದ ಪಕ್ಕದಲ್ಲೇ ಇರಬೇಕು, ಇನ್ನೊಂದು ಸಲ ಹೇಳು" ಎನ್ನುತ್ತಾರೆ. ಅವನು ಮತ್ತೆ ಹೇಳುತ್ತಾನೆ. ಆ ಹೊತ್ತಿಗೆ ಚಾಪೆಯ ಕೊನೆಯಲ್ಲಿ ಕುಳಿತ ಹುಡುಗಿಯ ತುಟಿ ಸದ್ದಿಲ್ಲದೆ ಅದೇ ಸ್ವರವನ್ನು ಹುಡುಕುತ್ತಿರುತ್ತದೆ. ತನ್ನ ಸರದಿ ಬಂದಾಗ ಅವಳ ಧೈವತ ಮೊದಲ ಸಲವೇ ಸರಿಯಾದ ಎಡೆಯಲ್ಲಿ ನಿಲ್ಲುತ್ತದೆ.

ಒಂದು ಗಂಟೆಯ ಪಾಠದಲ್ಲಿ ಆರು ಮಕ್ಕಳಿದ್ದರೆ ಒಬ್ಬೊಬ್ಬರ ಪಾಲಿಗೆ ಹತ್ತು ನಿಮಿಷ. ಉಳಿದ ಐವತ್ತು ನಿಮಿಷ ವ್ಯರ್ಥವಾಯಿತೆಂದು ಲೆಕ್ಕ ಹಾಕುವವರಿಗೆ, ತನ್ನ ತಪ್ಪನ್ನು ಆ ಕ್ಷಣಕ್ಕೆ ಕೇಳಿಸಿಕೊಳ್ಳಲಾರದ ಮಗು ಇನ್ನೊಬ್ಬರ ತಪ್ಪನ್ನು ಸ್ಪಷ್ಟವಾಗಿ ಕೇಳಿಸಿಕೊಳ್ಳುತ್ತದೆಂಬುದು ಹೊಳೆದಿರುವುದಿಲ್ಲ. ಜಂಟಿವರಸೆ, ದಾಟುವರಸೆ, ಸಪ್ತತಾಳದ ಅಲಂಕಾರಗಳು, ಮಲಹರಿಯ ಪಿಳ್ಳಾರಿಗೀತೆಗಳು, ಇಷ್ಟನ್ನು ಮುಗಿಸುವವರೆಗೂ ಗುಂಪಿನ ಪಾಠವೇ ಮಗುವಿಗೆ ಹಿತಕರವೆಂದು ನನ್ನ ದೃಢವಾದ ಅಭಿಪ್ರಾಯ. ತಾಳ ಹಿಡಿದು ಇತರರೊಡನೆ ನಡೆಯುವ ಶಿಸ್ತು ಒಂಟಿ ಪಾಠದಲ್ಲಿ ಬರುವುದು ಕಷ್ಟ. ಎಂಟು ಹತ್ತು ಮಂದಿಯ ಮೇಲೆ ಸೇರಿಸುವ ವರ್ಗದಲ್ಲಿ ಮಾತ್ರ ಈ ಗುಣ ಉಳಿಯುವುದಿಲ್ಲ, ಅಲ್ಲಿ ತಪ್ಪುಗಳು ಗದ್ದಲದಲ್ಲಿ ಅಡಗಿಹೋಗುತ್ತವೆ. ವರ್ಣಗಳನ್ನು ಕಲಿತು ಕೃತಿಗಳಿಗೆ ಬಂದು, ರಾಗಾಲಾಪನೆ ಕಲ್ಪನಾಸ್ವರಗಳ ಮಟ್ಟ ಮುಟ್ಟಿದಾಗ ಗುರು ಒಬ್ಬನನ್ನೇ ಎದುರಿಗೆ ಕೂರಿಸಿಕೊಳ್ಳುವುದು ಅವಶ್ಯವಾಗುತ್ತದೆ. ಆಗಲೂ ಗುಂಪನ್ನು ಬಿಡದೆ ಹದಿನೈದು ದಿನಕ್ಕೊಮ್ಮೆ ಪ್ರತ್ಯೇಕ ಪಾಠವನ್ನು ಹೇಳಿಸಿಕೊಳ್ಳುವ ಏರ್ಪಾಡನ್ನು ಹೆಚ್ಚಿನ ಗುರುಗಳು ಒಪ್ಪುತ್ತಾರೆ.

ವಾದ್ಯಗಳ ವಿಷಯದಲ್ಲಿ ಹಣ ಹಾಳಾಗುವಷ್ಟು ಬೇರೆಲ್ಲಿಯೂ ಹಾಳಾಗುವುದಿಲ್ಲ. ಮಗು ಆಸೆಪಟ್ಟಿತೆಂದು ಮೊದಲ ವಾರದಲ್ಲಿಯೇ ವೀಣೆಯನ್ನು ಕೊಂಡು, ಆರು ತಿಂಗಳಲ್ಲಿ ಅದಕ್ಕೆ ಬಟ್ಟೆ ಮುಚ್ಚಿ ಮೂಲೆಯಲ್ಲಿ ನಿಲ್ಲಿಸಿದ ಮನೆಗಳು ಕಡಮೆಯಲ್ಲ. ಒಂದು ವರ್ಷವಾದರೂ ಬಾಯಿಪಾಠವನ್ನೇ ಹೇಳಿಸುವುದು ಉಚಿತ. ಕಂಠದಲ್ಲಿ ಸ್ವರಸ್ಥಾನ ಕುಳಿತ ಮಗುವಿಗೆ ಮುಂದೆ ಯಾವ ವಾದ್ಯವಾದರೂ ಬೇಗ ಒಲಿಯುತ್ತದೆ. ಬಿದಿರಿನ ಕೊಳಲು ಕೆಲವು ನೂರು ರೂಪಾಯಿಗಳಲ್ಲಿ ಸಿಗುತ್ತದಾದ್ದರಿಂದ ಬಡವರ ಮನೆಗೆ ಅದು ಒಪ್ಪುವ ವಾದ್ಯ. ಕೊಳ್ಳುವಾಗ ಕಲಿತವರೊಬ್ಬರಿಂದ ಊದಿಸಿ ಶ್ರುತಿ ನೋಡಿ ಕೊಳ್ಳಬೇಕು, ಜಾತ್ರೆಯ ಕೊಳಲಿನಲ್ಲಿ ಸ್ವರಗಳು ಸ್ಥಾನದಲ್ಲಿರುವುದಿಲ್ಲ. ಪಿಟೀಲು ಕಲಿಯುವ ಚಿಕ್ಕ ಮಗುವಿಗೆ ಕೈಯಳತೆಗೆ ತಕ್ಕ ಕಿರಿಯ ವಾದ್ಯ ಬೇಕಾಗುತ್ತದೆ, ಎರಡು ಮೂರು ವರ್ಷಗಳಲ್ಲಿ ಅದು ಚಿಕ್ಕದಾಗುತ್ತದೆ. ಹಾಗಾಗಿ ಹಿರಿಯ ವಿದ್ಯಾರ್ಥಿಗಳು ಬಿಟ್ಟ ವಾದ್ಯವನ್ನು ಗುರುಗಳ ಮೂಲಕ ಎರವಲಾಗಿಯೋ ಅರ್ಧ ಬೆಲೆಗೋ ಪಡೆಯುವುದು ಬುದ್ಧಿವಂತಿಕೆ. ವೀಣೆಯ ಬೆಲೆ ಹತ್ತಾರು ಸಾವಿರ. ಮೊದಲ ಕೆಲವು ತಿಂಗಳು ಗುರುಗಳ ಮನೆಯ ವೀಣೆಯಲ್ಲಿಯೇ ಅಭ್ಯಾಸಕ್ಕೆ ಅನುಮತಿ ಕೇಳಿದರೆ ಅವರು ಬೇಸರಿಸುವುದಿಲ್ಲ. ಮೃದಂಗಕ್ಕಾದರೋ ಕೊಂಡ ಬೆಲೆಯಲ್ಲದೆ ಆಗಾಗ್ಗೆ ಮುಚ್ಚಿಗೆ ಹಾಕಿಸುವ ವೆಚ್ಚವೂ ಉಂಟೆಂಬುದನ್ನು ಮೊದಲೇ ಗಣನೆಗೆ ತಂದುಕೊಳ್ಳಬೇಕು.

ಕೀಬೋರ್ಡಿನ ಬಗ್ಗೆ ಒಂದು ಮಾತು ಹೇಳದಿರಲಾರೆ. ಪಾಶ್ಚಾತ್ಯ ಸಂಗೀತವನ್ನೋ ಚಲನಚಿತ್ರಗೀತೆಗಳನ್ನೋ ಕಲಿಯುವವರಿಗೆ ಅದು ತಕ್ಕ ವಾದ್ಯವೇ. ಆದರೆ ಕರ್ನಾಟಕ ಸಂಗೀತದ ಪ್ರಾಣವಾದ ಗಮಕ, ಸ್ವರದಿಂದ ಸ್ವರಕ್ಕೆ ಜಾರಿ ತೂಗುವ ನಡೆ, ಮೆಟ್ಟು ಮೆಟ್ಟಾಗಿ ನಿಂತ ಆ ಕೀಲಿಗಳಲ್ಲಿ ಬಾರದು. ಅಗ್ಗವಾಗಿ ಸಿಕ್ಕಿತೆಂದು ಅದನ್ನು ತಂದು, ಮಗು ಅದರ ಮೇಲೆ ಸರಳೆವರಸೆ ಒತ್ತುವುದನ್ನೇ ಸಾಧನೆಯೆಂದು ತಿಳಿದರೆ ಕಿವಿ ಕೆಡುವ ಸಂಭವವಿದೆ. ಅಭ್ಯಾಸಕ್ಕೆ ಬೇಕಾದದ್ದು ಶ್ರುತಿ. ಒಂದು ಕಾಲಕ್ಕೆ ಮಿರಜಿನ ತಂಬೂರಿಯಿಲ್ಲದೆ ಸಾಧನೆಯಿಲ್ಲವೆನ್ನುವಂತಿತ್ತು. 1970ರ ದಶಕದ ಕೊನೆಗೆ ಬೆಂಗಳೂರಿನ ಜಿ. ರಾಜನಾರಾಯಣರು ವಿದ್ಯುನ್ಮಾನ ತಂಬೂರಿಯನ್ನು ಬಳಕೆಗೆ ತಂದ ಮೇಲೆ ಸಾಧಾರಣ ಸಂಸಾರಗಳಿಗೆ ಅನುಕೂಲವಾಯಿತು. ಈಗಂತೂ ಮೊಬೈಲಿನಲ್ಲಿಯೇ ಬೆಲೆಯಿಲ್ಲದೆ ತಂಬೂರಿಯ ನಾದ ದೊರೆಯುತ್ತದೆ. ಮಗುವಿನ ಶ್ರುತಿ ಐದು ಮನೆಯೋ ಐದೂವರೆಯೋ ಎಂಬುದನ್ನು ಗುರುಗಳಿಂದ ಗೊತ್ತು ಮಾಡಿಸಿಕೊಂಡು, ಮನೆಯಲ್ಲಿಯೂ ಅದೇ ಶ್ರುತಿಯಲ್ಲಿ ದಿನವೂ ಹಾಡಿಸಬೇಕು. ಇಂದು ಒಂದು, ನಾಳೆ ಇನ್ನೊಂದು ಆಗಬಾರದು.

ಕೇಳ್ಮೆಗೆ ನಮ್ಮ ನಾಡಿನಲ್ಲಿ ಇರುವ ಸೌಕರ್ಯವನ್ನು ನಾವು ಸಾಕಷ್ಟು ಬಳಸಿಕೊಳ್ಳುತ್ತಿಲ್ಲವೆಂಬುದು ನನ್ನ ವ್ಯಥೆ. 2016ರ ಗಣರಾಜ್ಯೋತ್ಸವದಂದು ಆರಂಭವಾದ ಆಕಾಶವಾಣಿಯ 'ರಾಗಂ' ವಾಹಿನಿ ಶಾಸ್ತ್ರೀಯ ಸಂಗೀತಕ್ಕೇ ಮೀಸಲಾದದ್ದು. ದಸರೆಯ ವೇಳೆ ಮೈಸೂರಿನ ಅರಮನೆಯ ಮುಂದೆ, ಗಣೇಶೋತ್ಸವದಲ್ಲಿ ಒಂಟಿಕೊಪ್ಪಲಿನ ಎಂಟನೆಯ ಅಡ್ಡರಸ್ತೆಯಲ್ಲಿ, ಅಲ್ಲದೆ ನಾಡಿನ ಎಷ್ಟೋ ರಾಮೋತ್ಸವ ಮಂಟಪಗಳಲ್ಲಿ, ದೊಡ್ಡ ವಿದ್ವಾಂಸರ ಕಛೇರಿಗಳನ್ನು ಟಿಕೆಟ್ಟಿಲ್ಲದೆ ಕೇಳಬಹುದು. ಹತ್ತು ವರ್ಷದ ಮಗುವನ್ನು ಮೂರು ಗಂಟೆ ಕೂರಿಸಬೇಕಾಗಿಲ್ಲ. ವರ್ಣದಿಂದ ತನಿ ಆವರ್ತನದವರೆಗೆ ಕೇಳಿಸಿ, ತಾಳವನ್ನು ಅದರ ಕೈಯಿಂದಲೇ ಹಾಕಿಸಿ, ನಿದ್ದೆ ಬಂದಾಗ ಎತ್ತಿಕೊಂಡು ಬಂದರಾಯಿತು. ಅಂತರ್ಜಾಲದ ಪಾಠಗಳು ಊರಿನಲ್ಲಿ ಗುರುವೇ ಇಲ್ಲದವರಿಗೆ ಉಪಕಾರಿ. ಆದರೆ ಆರಂಭದಲ್ಲಿ ಬಾಯಿ ತೆರೆಯುವ ಬಗೆ, ಕುಳಿತುಕೊಳ್ಳುವ ಬಗೆ, ಕೈಯ ತಾಳ, ಇವನ್ನು ತಿದ್ದಲು ಗುರು ಎದುರಿಗಿರುವುದೇ ಮೇಲು.

ಪರೀಕ್ಷೆಗಳನ್ನು ಕುರಿತು ದೀರ್ಘವಾಗಿ ಹೇಳಬೇಕಾದದ್ದಿಲ್ಲ. ಜೂನಿಯರ್, ಸೀನಿಯರ್, ವಿದ್ವತ್ ಎಂಬ ನಮ್ಮ ರಾಜ್ಯದ ಪರೀಕ್ಷೆಗಳಿಗೂ, ಉತ್ತರ ಕರ್ನಾಟಕದಲ್ಲಿ ಬಹುವಾಗಿ ರೂಢಿಯಲ್ಲಿರುವ ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪ್ರಾರಂಭಿಕದಿಂದ ಅಲಂಕಾರದವರೆಗಿನ ಪರೀಕ್ಷೆಗಳಿಗೂ ತಕ್ಕ ಮರ್ಯಾದೆಯಿದೆ. ಮುಂದೆ ಸಂಗೀತವನ್ನೇ ವೃತ್ತಿ ಮಾಡಿಕೊಳ್ಳುವವರಿಗೆ ಅವು ಬೇಕಾಗುತ್ತವೆ. ಆದರೆ ಹತ್ತು ಕೃತಿಗಳನ್ನು ಉರು ಹಾಕಿಸಿ ವರ್ಷಕ್ಕೊಂದು ಪ್ರಮಾಣಪತ್ರ ಕೊಡಿಸುವುದನ್ನೇ ಆಕರ್ಷಣೆಯಾಗಿಟ್ಟುಕೊಂಡು ಶುಲ್ಕ ಏರಿಸುವ ವರ್ಗಗಳಿಂದ ಅಲ್ಪಾದಾಯದ ಮನೆಯವರು ದೂರವಿರುವುದು ಕ್ಷೇಮ.

ಮಗುವಿನಲ್ಲಿ ವಿಶೇಷ ಪ್ರತಿಭೆಯಿದೆಯೆಂದು ಗುರುಗಳೇ ಹೇಳಿದಾಗ ಸರಕಾರದ ನೆರವಿಗೆ ಕೈ ಚಾಚಲು ಸಂಕೋಚಪಡಬೇಕಾಗಿಲ್ಲ. ದೆಹಲಿಯ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರವು, ಅಂದರೆ ಸಿ.ಸಿ.ಆರ್.ಟಿ., 1982ರಿಂದ ನಡೆಸಿಕೊಂಡು ಬಂದಿರುವ ಪ್ರತಿಭಾನ್ವೇಷಣೆಯ ವಿದ್ಯಾರ್ಥಿವೇತನ ಹತ್ತರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗಾಗಿ ಇರುವುದು. ಆಯ್ಕೆಯಾದ ಮಗುವಿಗೆ ವೇತನದೊಡನೆ ಗುರುವಿಗೆ ಕೊಡುವ ಶುಲ್ಕವೂ ಒಂದು ಮಿತಿಯವರೆಗೆ ದೊರೆಯುತ್ತದೆ. ಹದಿನೆಂಟರಿಂದ ಇಪ್ಪತ್ತೈದು ವರ್ಷದವರಿಗೆ ಕೇಂದ್ರ ಸಂಸ್ಕೃತಿ ಸಚಿವಾಲಯದ್ದೇ ಬೇರೊಂದು ವೇತನವಿದೆ: ತಿಂಗಳಿಗೆ 5000 ರೂಪಾಯಿ, ಎರಡು ವರ್ಷ. ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿಯೂ ಶಿಷ್ಯವೇತನಗಳನ್ನು ಕೊಡುತ್ತದೆ. ಹುಬ್ಬಳ್ಳಿಯ ಉಣಕಲ್ಲಿನಲ್ಲಿ 2011ರಲ್ಲಿ ಆರಂಭವಾದ ಗಂಗೂಬಾಯಿ ಹಾನಗಲ್ ಗುರುಕುಲದಲ್ಲಿ ಶಿಷ್ಯರು ಗುರುಗಳ ಸನ್ನಿಧಿಯಲ್ಲಿಯೇ ವಾಸವಿದ್ದು ಹಿಂದೂಸ್ತಾನಿ ಸಂಗೀತವನ್ನು ಕಲಿಯುತ್ತಾರೆ. ಇವೆಲ್ಲಕ್ಕೂ ಅರ್ಜಿ ಕರೆಯುವ ಪ್ರಕಟಣೆ ಪತ್ರಿಕೆಗಳ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬಂದು ಹೋಗುತ್ತದೆ. ಅರ್ಹರಾದ ಹಳ್ಳಿಯ ಮಕ್ಕಳನ್ನು ಅದು ಮುಟ್ಟುವುದೇ ಇಲ್ಲ. ಶಾಲೆಯ ಮುಖ್ಯೋಪಾಧ್ಯಾಯರು ಇಂಥ ಪ್ರಕಟಣೆಯೊಂದನ್ನು ಕತ್ತರಿಸಿ ಸೂಚನಾಫಲಕಕ್ಕೆ ಅಂಟಿಸಿದರೆ ಎಷ್ಟು ಉಪಕಾರವಾದೀತು!

ಕೊನೆಯದಾಗಿ, ಶುಲ್ಕದ ಮಾತನ್ನು ಗುರುಗಳೊಡನೆ ಆಡುವ ಬಗೆ. ಸಂಗೀತವೊಂದನ್ನೇ ನಂಬಿ ಬದುಕುವ ಗುರುವಿನ ಮನೆಯಲ್ಲಿಯೂ ಬಾಡಿಗೆ ಉಂಟು, ಔಷಧ ಉಂಟು. ಸಂತೆಯಲ್ಲಿ ತರಕಾರಿಯ ಬೆಲೆ ಎಳೆದಾಡುವಂತೆ ಅವರೊಡನೆ ಚೌಕಾಸಿ ಮಾಡುವುದು ಅವರನ್ನು ನೋಯಿಸುತ್ತದೆ. ಅದಕ್ಕೆ ಬದಲಾಗಿ, ನಮ್ಮಿಂದ ತಿಂಗಳಿಗೆ ಇಷ್ಟು ಆಗುತ್ತದೆ, ಅದಕ್ಕೆ ತಕ್ಕಂತೆ ಎಷ್ಟು ಪಾಠ ಹೇಳಲಾಗುತ್ತದೋ ಅಷ್ಟು ಹೇಳಿ ಎಂದು ಮೊದಲ ದಿನವೇ ಸರಳವಾಗಿ ತಿಳಿಸುವುದು ಎರಡೂ ಕಡೆಯವರಿಗೆ ಗೌರವ. ಮೇಲೆ ಹೇಳಿದ ಶಿಕ್ಷಕಿಯ ಮನೆಯಲ್ಲಿ ತಿಂಗಳ ಮೊದಲನೆಯ ತಾರೀಖಿನಂದು ಸರಸ್ವತಿಯ ಪಟದ ಮುಂದೆ ಒಂದು ತಟ್ಟೆ ಇಡುತ್ತಾರೆ. ಮಕ್ಕಳು ಮಡಿಸಿದ ಲಕೋಟೆಗಳನ್ನು ಅದರಲ್ಲಿ ಇಟ್ಟು ನಮಸ್ಕರಿಸುತ್ತಾರೆ. ಯಾರ ಲಕೋಟೆಯಲ್ಲಿ ಎಷ್ಟಿದೆಯೆಂದು ಇನ್ನೊಂದು ಮಗುವಿಗೆ ತಿಳಿಯುವಂತಿಲ್ಲ. ತಂದೆಗೆ ಕೆಲಸ ತಪ್ಪಿದ ತಿಂಗಳು, ಮನೆಯಲ್ಲಿ ಕಾಯಿಲೆಯಾದ ತಿಂಗಳು, ನಾಚಿಕೆಯಿಂದ ಮಗುವನ್ನು ಪಾಠಕ್ಕೆ ಕಳಿಸದೆ ನಿಲ್ಲಿಸಿಬಿಡುವವರುಂಟು. ಅಭ್ಯಾಸಗಳು ತಪ್ಪಿಹೋಗುವುದು ಹೆಚ್ಚಾಗಿ ಹೀಗೆ. ಹಾಗೆ ಮಾಡದೆ ತಾಯಿ ತಾನೇ ಹೋಗಿ ವಿಷಯ ತಿಳಿಸಿದರೆ, ಶುಲ್ಕ ಮುಂದಿನ ತಿಂಗಳಿಗೆ ಹೋಗಬಹುದು, ಅರ್ಧವಾಗಬಹುದು, ದೊಡ್ಡ ಹುಡುಗಿಯಾಗಿದ್ದರೆ ಕಿರಿಯರಿಗೆ ಸರಳೆವರಸೆ ಹೇಳಿಸುವ ಕೆಲಸವನ್ನು ಗುರುಗಳು ಅವಳಿಗೆ ಒಪ್ಪಿಸಿ ಅದನ್ನೇ ಶುಲ್ಕವೆಂದು ತಿಳಿಯಬಹುದು. ಒಂದು ವೇಳೆ ಅವರಿಂದಾಗದಿದ್ದರೆ, ಹಣ ಕಡಮೆ ಪಡೆದು ಹೇಳುವ ತಮ್ಮ ಶಿಷ್ಯರೊಬ್ಬರ ಹೆಸರನ್ನಾದರೂ ಅವರು ಹೇಳುತ್ತಾರೆ, ಮತ್ತು ಆ ಮನೆಯ ವಿಳಾಸವನ್ನು ಬರೆದುಕೊಂಡು ಮರುದಿನ ಸಂಜೆಯೇ ಮಗುವನ್ನು ಅಲ್ಲಿಗೆ ಕರೆದೊಯ್ಯಬಹುದು.